ಒಂದೂರಿನ ಕೆಲಸ ದೇಶಕ್ಕೆ ಹೇಗೆ ಮುಖ್ಯವಾಗುತ್ತದೆ?

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದು ನೆಲೆಸಬೇಕೆನ್ನುವ ನುರಿತ ಕೆಲಸಗಾರರ ಅರ್ಜಿಯನ್ನು ಸಾಮಾನ್ಯವಾಗಿ ಅವರ ಕಂಪನಿಯೇ ಹಾಕಬೇಕು. ಹಾಕುವ ಮೊದಲು ಆ ಕಂಪನಿ ಜಾಹೀರಾತು ಕೊಟ್ಟು, ಅರ್ಹರಾದ ಅಮೆರಿಕನ್ನರಿಗಾಗಿ ಹುಡುಕಿ, ಯಾರೂ ಸಿಗಲಿಲ್ಲವೆಂದು ಅಲ್ಲಿನ ಕಾರ್ಮಿಕ ಇಲಾಖೆಯಿಂದ ದೃಢೀಕರಣ ತರಬೇಕು. 1990ರ ವಲಸೆ ಕಾಯ್ದೆ ಈ ನಿಯಮಕ್ಕೆ ಒಂದು ವಿನಾಯಿತಿ ಇಟ್ಟಿದೆ. ಸ್ನಾತಕೋತ್ತರ ಮಟ್ಟದ ಓದು ಅಥವಾ ಅಸಾಧಾರಣ ಸಾಮರ್ಥ್ಯ ಇರುವವರು ತಾವು ಮಾಡಹೊರಟ ಕೆಲಸದಿಂದ ಅಮೆರಿಕ ದೇಶಕ್ಕೇ ಹಿತವಾಗುತ್ತದೆಂದು ತೋರಿಸಿಕೊಟ್ಟರೆ, ಕಂಪನಿಯ ಹಂಗಿಲ್ಲದೆ, ಕಾರ್ಮಿಕ ಇಲಾಖೆಯ ಕಾಗದವೂ ಇಲ್ಲದೆ, ಐ-140 ಎಂಬ ಅರ್ಜಿಯನ್ನು ತಾವೇ ಸಲ್ಲಿಸಬಹುದು. ನ್ಯಾಷನಲ್ ಇಂಟರೆಸ್ಟ್ ವೇವರ್ ಎಂದು ಇದರ ಹೆಸರು, ಬಳಕೆಯಲ್ಲಿ ಎನ್‌ಐಡಬ್ಲ್ಯೂ. ಕಂಪನಿಗಳ ಮೂಲಕ ಸಿಗುವ ತಾತ್ಕಾಲಿಕ ಕೆಲಸದ ವೀಸಾ ಎಚ್-1ಬಿಯ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಹೇರುವ ಘೋಷಣೆ 2025ರ ಸೆಪ್ಟೆಂಬರ್ 19ರಂದು ಹೊರಬಿದ್ದ ಮೇಲಂತೂ ಕಂಪನಿಯನ್ನು ನೆಚ್ಚದ ಈ ದಾರಿಯ ಕಡೆ ಮಕ್ಕಳೂ ಹೆತ್ತವರೂ ಆಸೆಯಿಂದ ನೋಡುವುದು ಸಹಜವೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಿಂದ ಓದಿ ಹೊರಟವರಿಗೆ ದೊಡ್ಡ ಕಂಪನಿಯ ಬೆಂಬಲವಾಗಲಿ ಹೆಸರಾಂತ ವಿದ್ಯಾಸಂಸ್ಥೆಯ ಮೊಹರಾಗಲಿ ಎಲ್ಲ ಕಾಲಕ್ಕೂ ಇರುವುದಿಲ್ಲ. ಹಾಗಾಗಿ ಈ ದಾರಿ ಹೇಗಿದೆ, ಜನ ಎಲ್ಲಿ ಎಡವುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು.

ಈ ಅರ್ಜಿಯನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಮಾಡಹೊರಟ ಕೆಲಸಕ್ಕೆ ಗಣನೀಯ ಮೌಲ್ಯವೂ ರಾಷ್ಟ್ರೀಯ ಮಹತ್ವವೂ ಇದೆಯೇ? ಅದನ್ನು ಮುಂದಕ್ಕೆ ಒಯ್ಯಲು ಈ ವ್ಯಕ್ತಿ ತಕ್ಕವನೇ? ಕಂಪನಿ ಮತ್ತು ಕಾರ್ಮಿಕ ಇಲಾಖೆಯ ಷರತ್ತನ್ನು ಕೈಬಿಟ್ಟರೆ ಒಟ್ಟಾರೆ ದೇಶಕ್ಕೆ ಲಾಭವೇ? ಎರಡನೆಯದಕ್ಕೆ ಪದವಿ, ಅನುಭವ, ಪ್ರಕಟಣೆಗಳ ಬಲವಿರುತ್ತದೆ. ಮೂರನೆಯದು ಮೊದಲೆರಡರ ಬೆನ್ನಿಗೆ ಬರುವಂಥದು. ಎಡವುವುದು ಮೊದಲನೆಯದರಲ್ಲಿ, ಅದರಲ್ಲೂ ರಾಷ್ಟ್ರೀಯ ಮಹತ್ವ ಎಂಬ ಭಾಗದಲ್ಲಿ. ಕ್ಷೇತ್ರ ದೊಡ್ಡದಾದರೆ ಕೆಲಸವೂ ದೊಡ್ಡದು ಎಂದು ಅರ್ಜಿದಾರರು ಭಾವಿಸುತ್ತಾರೆ. ಆಹಾರ ಭದ್ರತೆ ಅಮೆರಿಕಕ್ಕೆ ಬೇಕು, ನಾನು ಕೃಷಿ ವಿಜ್ಞಾನಿ, ಆದ್ದರಿಂದ ನನ್ನ ಕೆಲಸ ರಾಷ್ಟ್ರೀಯ ಮಹತ್ವದ್ದು ಎನ್ನುತ್ತಾರೆ. ಈ ವಾದದಲ್ಲಿ ನಡುವಿನ ಕೊಂಡಿಯೇ ಇಲ್ಲ. ಒಂದು ನಿರ್ದಿಷ್ಟ ಕೆಲಸದ ಫಲ ಅದು ನಡೆಯುವ ಕಟ್ಟಡವನ್ನೂ ಊರನ್ನೂ ದಾಟಿ ಯಾವ ದಾರಿಯಲ್ಲಿ, ಯಾರ ಕೈಗೆ, ಹೇಗೆ ತಲುಪುತ್ತದೆ ಎಂದು ಪುರಾವೆಯೊಂದಿಗೆ ತೋರಿಸುವುದೇ ರಾಷ್ಟ್ರೀಯ ಮಹತ್ವವನ್ನು ಸಾಬೀತುಪಡಿಸುವ ಕ್ರಮ ಎಂಬುದು ನನ್ನ ವಾದ. ಹಾಗೆ ನೋಡಿದರೆ ಸಣ್ಣ ಊರಿನ ಸಣ್ಣ ಕೆಲಸಕ್ಕೂ ಇದು ಸಾಧ್ಯ. ದೊಡ್ಡ ಕ್ಷೇತ್ರದಲ್ಲಿದ್ದೂ ಸೋಲುವುದು ಸಾಧ್ಯ.

ನಮ್ಮ ಕಡೆಯವರಲ್ಲಿ ಈ ತಪ್ಪೆಣಿಕೆ ಮೂಡಲು ಕಾರಣವಿದೆ. ಒಂದು ಕೆಲಸ ರಾಷ್ಟ್ರಮಟ್ಟದ್ದು ಎನಿಸಿಕೊಳ್ಳುವುದನ್ನು ಈ ನಾಲ್ಕು ತಾಲ್ಲೂಕುಗಳ ಜನ ವರ್ಷಗಟ್ಟಲೆ ಕಾದು ನೋಡಿದ್ದು ಭದ್ರಾ ಮೇಲ್ದಂಡೆಯಲ್ಲಿ. ತುಂಗಾದಿಂದ 17.40 ಟಿಎಂಸಿ, ಭದ್ರಾದಿಂದ 12.50 ಟಿಎಂಸಿ, ಒಟ್ಟು 29.90 ಟಿಎಂಸಿ ನೀರನ್ನು ಎತ್ತಿ, ಅಜ್ಜಂಪುರದ ಬಳಿ ಸುರಂಗ ಹಾಯಿಸಿ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವುದು, ಜೊತೆಗೆ 367 ಕೆರೆಗಳನ್ನು ತುಂಬಿಸುವುದು ಈ ಯೋಜನೆಯ ಗುರಿ. ಒಂದೇ ರಾಜ್ಯದೊಳಗಿನ ನೀರಾವರಿ ಯೋಜನೆಯನ್ನು ರಾಷ್ಟ್ರೀಯ ಯೋಜನೆ ಎಂದು ಪರಿಗಣಿಸಬೇಕಾದರೆ ಅದು ಹೊಸದಾಗಿ 2 ಲಕ್ಷ ಹೆಕ್ಟೇರಿಗಿಂತ ಹೆಚ್ಚು ಭೂಮಿಗೆ ನೀರು ಕೊಡುವಂತಿರಬೇಕು, ನೀರು ಹಂಚಿಕೆಯ ತಕರಾರು ಇರಬಾರದು ಎನ್ನುತ್ತದೆ ಕೇಂದ್ರದ ಮಾನದಂಡ. ಆ ಗೆರೆಯನ್ನು ಭದ್ರಾ ಮೇಲ್ದಂಡೆ 25 ಸಾವಿರ ಹೆಕ್ಟೇರುಗಳಿಂದ ದಾಟುತ್ತದೆ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣಕ್ಕಾಗಿ ರಾಜ್ಯ ಅನಂತರವೂ ದೆಹಲಿಯ ಮುಂದೆ ಕೇಳುತ್ತಲೇ ಬಂದಿದೆ. ನಮಗೆ ಪರಿಚಿತವಾದ ಅಳತೆ ಇದು: ಎಷ್ಟು ಹೆಕ್ಟೇರು, ಎಷ್ಟು ಟಿಎಂಸಿ, ಎಷ್ಟು ಜಿಲ್ಲೆ. ಸರ್ಕಾರದ ಹಣ ಹಂಚಲು ಇಂಥ ಗೆರೆ ಬೇಕಾಗಬಹುದು. ಆದರೆ ಇದೇ ಅಳತೆಯನ್ನು ತಲೆಯಲ್ಲಿಟ್ಟುಕೊಂಡು ವಲಸೆ ಅರ್ಜಿ ಬರೆದರೆ ಪುಟಗಳೆಲ್ಲ ದೇಶದ ಅಂಕಿ ಅಂಶಗಳಿಂದ ತುಂಬುತ್ತವೆ. ಅರ್ಜಿದಾರರ ಕೆಲಸ ಮಾತ್ರ ಎಲ್ಲೂ ಕಾಣುವುದಿಲ್ಲ.

ಇನ್ನೊಂದು ಅಳತೆ ಬೇಕಿದ್ದರೆ ಅದೂ ಚಿತ್ರದುರ್ಗದಲ್ಲೇ ಇದೆ. ಊರಿಗೆ ಅಂಟಿಕೊಂಡಂತೆ ಬೆಟ್ಟಗಳ ನಡುವಿನ ಚಂದ್ರವಳ್ಳಿ ಒಂದು ಪುಟ್ಟ ಕಣಿವೆ. ಅಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯನ್ನೂ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆದರು. ಎರಡು ವರ್ಷ ಹಿಂದೆ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಮಡಕೆಗಳ ಜೊತೆಗೆ, ಒಳಮೈಯಲ್ಲಿ ಸಣ್ಣ ಗೀರುಗಳ ವೃತ್ತಗಳಿರುವ ಒಂದು ಬಗೆಯ ಮಡಕೆ ಅವರಿಗೆ ಸಿಕ್ಕಿತ್ತು. ರೋಮನ್ ಮಡಕೆಯ ಕಾಲ ತಿಳಿದಿದ್ದರಿಂದ ಈ ಗೀರುಮಡಕೆಯ ಕಾಲವೂ ಗೊತ್ತಾಯಿತು. ಅದೇ ಮಡಕೆ ಇಲ್ಲಿಯೂ ಸಿಕ್ಕಾಗ, ಚಂದ್ರವಳ್ಳಿಯಲ್ಲಿ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯವೂ ದೊರೆತಾಗ, ಆ ಪದರಗಳಿಗೆ ಕಾಲ ಹೇಳಲು ಬಂತು. ಅವುಗಳ ಕೆಳಗಿನ ಪದರಗಳನ್ನು ಹಿಡಿದು ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಗೂ ಅದರ ಹಿಂದಿನದಕ್ಕೂ ಒಂದು ಕಾಲಾನುಕ್ರಮ ಹೊಂದಿಸಲು ಸಾಧ್ಯವಾಯಿತು. ಅಗೆದ ಜಾಗ ಎಷ್ಟು ಸಣ್ಣದು! ಆದರೆ ಅಲ್ಲಿ ದೊರೆತ ಉತ್ತರ ಬೇರೆ ನೂರಾರು ತಾಣಗಳನ್ನು ಓದುವ ಕ್ರಮವಾಯಿತು. ಮುಂದೆ ಕಾರ್ಬನ್ ಕಾಲಮಾಪನ ಬಂದು ವೀಲರ್ ಹೇಳಿದ ಕಾಲವನ್ನು ಬಹಳಷ್ಟು ತಿದ್ದಿತು. ಹಾಗೆಂದು ಆ ಅಗೆತದ ಮಹತ್ವ ಕಡಿಮೆಯಾಗಲಿಲ್ಲ. ತಿದ್ದಲಿಕ್ಕೂ ಮೊದಲು ಒಂದು ಅನುಕ್ರಮ ಇರಬೇಕಾಗಿತ್ತು.

ಅಮೆರಿಕದ ಕಾನೂನು ಈ ಎರಡನೆಯ ಅಳತೆಗೆ ಬಂದು ಸೇರಲು ಕಾಲು ಶತಮಾನ ತೆಗೆದುಕೊಂಡಿತು. ಕಾಯ್ದೆಯಲ್ಲಿ ರಾಷ್ಟ್ರೀಯ ಹಿತ ಎಂದರೇನೆಂದು ಬರೆದಿಲ್ಲ. ನ್ಯೂಯಾರ್ಕ್ ರಾಜ್ಯ ಸಾರಿಗೆ ಇಲಾಖೆ ತನ್ನ ಸೇತುವೆ ಎಂಜಿನಿಯರೊಬ್ಬರಿಗಾಗಿ ಹಾಕಿದ ಅರ್ಜಿಯ ಮೇಲೆ 1998ರಲ್ಲಿ ಬಂದ ತೀರ್ಮಾನ ಬಹುಕಾಲ ಮಾನದಂಡವಾಗಿತ್ತು. ಕೆಲಸದ ವ್ಯಾಪ್ತಿ ರಾಷ್ಟ್ರಮಟ್ಟದ್ದಾಗಿರಬೇಕು ಎಂದು ಅದು ಹೇಳಿತು. ನ್ಯೂಯಾರ್ಕಿನ ಸೇತುವೆಗಳು ದೇಶದ ಸಾರಿಗೆ ಜಾಲಕ್ಕೆ ಸೇರಿದವಾದ್ದರಿಂದ ಆ ಎಂಜಿನಿಯರು ಈ ಹಂತವನ್ನೇನೋ ದಾಟಿದರು. ಅವರ ಅರ್ಜಿ ಬಿದ್ದದ್ದು ಮುಂದಿನ ಹಂತದಲ್ಲಿ. ಒಂದು ಶಾಲೆಯ ಒಬ್ಬ ಮೇಷ್ಟರ ಕೆಲಸ, ಬಡವರಿಗಾಗಿ ಉಚಿತವಾಗಿ ವಾದಿಸುವ ಒಬ್ಬ ವಕೀಲರ ಕೆಲಸ ಎಷ್ಟೇ ಒಳ್ಳೆಯದಿದ್ದರೂ ದೇಶದ ಮಟ್ಟದಲ್ಲಿ ಅದರ ಪರಿಣಾಮ ಎದ್ದು ಕಾಣದು ಎಂಬ ಮಾತೂ ಅದೇ ತೀರ್ಮಾನದಲ್ಲಿದೆ. 2016ರ ಡಿಸೆಂಬರ್ 27ರಂದು ವಲಸೆ ಇಲಾಖೆಯ ಆಡಳಿತ ಮೇಲ್ಮನವಿ ಕಚೇರಿ ಧನಸಾರ್ ಪ್ರಕರಣದಲ್ಲಿ ಹಳೆಯ ಮಾನದಂಡವನ್ನು ತೆಗೆದುಹಾಕಿ, ಈಗ ಬಳಕೆಯಲ್ಲಿರುವ ಮೂರು ಪ್ರಶ್ನೆಗಳನ್ನು ಇಟ್ಟಿತು. ಭೂಗೋಳದ ವ್ಯಾಪ್ತಿಯೊಂದನ್ನೇ ನೋಡಬಾರದು, ಕೆಲಸದಿಂದ ಮುಂದೆ ಆಗಬಹುದಾದ ಪರಿಣಾಮವನ್ನು ನೋಡಬೇಕು. ದೇಶದ ಒಂದು ಭಾಗಕ್ಕೆ ಸೀಮಿತವಾದ ಉದ್ಯಮಕ್ಕೂ ರಾಷ್ಟ್ರೀಯ ಮಹತ್ವ ಇರಬಹುದು. ಆರ್ಥಿಕವಾಗಿ ಹಿಂದುಳಿದ ಪ್ರದೇಶದಲ್ಲಿ ಗಣನೀಯವಾಗಿ ಉದ್ಯೋಗ ಹುಟ್ಟಿಸುವ ಕೆಲಸವೂ ಈ ಲೆಕ್ಕಕ್ಕೆ ಬರುತ್ತದೆ ಎಂದು ಅದು ಬಿಡಿಸಿ ಹೇಳಿತು. ಕೆಲಸ ಕೊನೆಗೆ ಯಶಸ್ವಿಯಾಗಿಯೇ ತೀರುತ್ತದೆ ಎಂದು ರುಜುವಾತು ಮಾಡಬೇಕಾಗಿಲ್ಲ ಎಂದೂ ಹೇಳಿತು. ಬರಗಾಲದ ಸೀಮೆಯಲ್ಲಿ ಕೆಲಸ ಕಲಿತವರಿಗೆ ಈ ತೀರ್ಮಾನ ಎಷ್ಟು ಅನುಕೂಲದ್ದು ಎಂಬುದು ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ.

ಧನಸಾರ್ ತೀರ್ಮಾನದಲ್ಲಿ ಎಲ್ಲಕ್ಕಿಂತ ಕಲಿಯಬೇಕಾದದ್ದು ಅದು ಒಪ್ಪದೆ ಬಿಟ್ಟ ಭಾಗ. ಅರ್ಜಿದಾರರು ನಾರ್ತ್ ಕ್ಯಾರೊಲಿನಾದ ವಿಶ್ವವಿದ್ಯಾಲಯವೊಂದರಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಪಿಎಚ್‌ಡಿಯನ್ನೂ ಪಡೆದವರು. ಶಬ್ದಕ್ಕಿಂತ ಹಲವು ಪಟ್ಟು ವೇಗವಾಗಿ ಹಾರುವ ವಾಹನಗಳ ಎಂಜಿನ್ ಬಗ್ಗೆ ಸಂಶೋಧನೆ ಮಾಡುತ್ತೇನೆ, ಜೊತೆಗೆ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ ಎಂಬುದು ಅವರ ಪ್ರಸ್ತಾಪ. ಸಂಶೋಧನೆಗೆ ನಾಸಾ ಮತ್ತು ವಾಯುಪಡೆಯ ಪ್ರಯೋಗಾಲಯದ ಹಣ ಬಂದಿತ್ತು, ಆ ಕ್ಷೇತ್ರದವರು ಅದರ ಉಪಯೋಗವನ್ನು ವಿವರಿಸಿ ಪತ್ರ ಬರೆದಿದ್ದರು. ಅದಕ್ಕೆ ರಾಷ್ಟ್ರೀಯ ಮಹತ್ವವಿದೆ ಎಂದು ಕಚೇರಿ ಒಪ್ಪಿತು. ಪಾಠ ಹೇಳುವುದಕ್ಕೆ ಮೌಲ್ಯವಿದೆ ಎಂದಿತು. ಆದರೆ ತರಗತಿಯ ಆಚೆಗೆ, ಎಂಜಿನಿಯರಿಂಗ್ ಶಿಕ್ಷಣದ ಮೇಲೇ ಅದರಿಂದ ಏನಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎಂದಿತು. ವ್ಯಕ್ತಿ ಒಬ್ಬರೇ, ವಿದ್ಯೆ ಒಂದೇ, ವಿಶ್ವವಿದ್ಯಾಲಯವೂ ಒಂದೇ. ಒಂದು ಕೆಲಸದ ಫಲ ಹೊರಗೆ ಹರಿಯುವುದು ಕಾಗದದಲ್ಲಿ ಕಂಡಿತು, ಇನ್ನೊಂದರದು ಕಾಣಲಿಲ್ಲ. ನೂರು ಪುಟಗಳ ಅರ್ಜಿ ಸಿದ್ಧಪಡಿಸುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಪುಟಗಳನ್ನು ತಾವೇ ತೆಗೆದುಹಾಕುತ್ತಾರೆ.

ಇದನ್ನು ನಮ್ಮ ನೆಲದ ಒಂದು ಕೆಲಸದ ಮೇಲಿಟ್ಟು ನೋಡೋಣ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಚುಕ್ಕೆ ಕಾಣುತ್ತದೆ, ಹಣ್ಣಿನ ಮೇಲೆ ಕಪ್ಪು ಕಲೆ ಎದ್ದು ಅಡ್ಡಡ್ಡ ಬಿರಿಯುತ್ತದೆ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ತೋಟಕ್ಕೆ ತೋಟವೇ ಹೋಗುತ್ತದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ತೋಟಗಾರಿಕೆ ಕಾಲೇಜೂ ಇದೆ. ಅಲ್ಲಿ ಓದಿದ ಒಬ್ಬ ಸಸ್ಯರೋಗ ತಜ್ಞೆ ಈ ರೋಗವನ್ನು ಚುಕ್ಕೆ ಕಾಣುವ ಮೊದಲೇ ಪತ್ತೆ ಹಚ್ಚುವ ಪರೀಕ್ಷೆಯೊಂದನ್ನು ರೂಪಿಸಿದ್ದಾಳೆ, ಈಗ ಅಮೆರಿಕದಲ್ಲಿದ್ದಾಳೆ ಎಂದು ಊಹಿಸಿಕೊಳ್ಳೋಣ. ದಾಳಿಂಬೆ ಒಂದು ಪೌಷ್ಟಿಕ ಹಣ್ಣು, ಜಗತ್ತಿನಲ್ಲಿ ಅದರ ಬೇಡಿಕೆ ಏರುತ್ತಿದೆ ಎಂದು ಆಕೆ ಬರೆದರೆ ಅಧಿಕಾರಿಗೆ ಅದು ಏನನ್ನೂ ಹೇಳುವುದಿಲ್ಲ. ರೋಗ ತರುವ ದುಂಡಾಣು ಕ್ಸಾಂಥೊಮೊನಾಸ್ ಕುಲದ್ದು. ಫ್ಲಾರಿಡಾದ ಕಿತ್ತಳೆ, ಮೂಸಂಬಿ ತೋಟಗಳನ್ನು ಕಾಡುವ ಕಜ್ಜಿ ರೋಗದ ದುಂಡಾಣುವೂ ಅದೇ ಕುಲದ್ದು. ಆ ಕಜ್ಜಿಯನ್ನು ನಿರ್ಮೂಲ ಮಾಡಲು ಅಲ್ಲಿನ ಸರ್ಕಾರ ಸೋಂಕು ತಗುಲಿದ ಮರಗಳ ಜೊತೆಗೆ ಅವುಗಳ ಸುತ್ತಲಿನವನ್ನೂ ಕಡಿಸಿ, ಬಿರುಗಾಳಿಗಳು ರೋಗವನ್ನು ಎಲ್ಲೆಡೆ ಹರಡಿದ ಮೇಲೆ 2006ರಲ್ಲಿ ಆ ಕಾರ್ಯಕ್ರಮವನ್ನೇ ಕೈಬಿಟ್ಟಿತು. ಬಬ್ಬೂರಿನ ಪ್ರಯೋಗದ ಎಲೆಗೂ ಫ್ಲಾರಿಡಾದ ಎಲೆಗೂ ಸಂಬಂಧ ಹುಟ್ಟುವುದು ಇಲ್ಲಿ. ನನ್ನ ಪರೀಕ್ಷೆಯನ್ನು ಕಜ್ಜಿಯ ದುಂಡಾಣುವಿಗೆ ಹೊಂದಿಸುತ್ತೇನೆ, ಇಷ್ಟು ಕಾಲದಲ್ಲಿ ಇಂಥ ಹಂತ ಮುಗಿಸುತ್ತೇನೆ, ವಿಧಾನವನ್ನು ಪ್ರಕಟಿಸಿ ವಿಸ್ತರಣಾ ಕೇಂದ್ರಗಳಿಗೆ ಕೊಡುತ್ತೇನೆ ಎಂದು ಆಕೆ ಬರೆದಾಗ ಒಂದು ನಿರ್ದಿಷ್ಟ ಕೆಲಸ ಕಣ್ಣಿಗೆ ಕಾಣುತ್ತದೆ. ಅದನ್ನು ಬಳಸಲು ಮುಂದೆ ಬಂದ ಪ್ರಯೋಗಾಲಯದ ಪತ್ರ, ಹಿಂದಿನ ಪರೀಕ್ಷೆಯ ಫಲಿತಾಂಶ, ಬೇರೆ ಸಂಶೋಧಕರು ಅದನ್ನು ತಮ್ಮಲ್ಲಿ ಬಳಸಿದ ದಾಖಲೆ ಜೊತೆಗಿದ್ದರೆ ಕೊಂಡಿಗಳು ಒಂದಕ್ಕೊಂದು ಸೇರುತ್ತವೆ.

ಎಲ್ಲ ಕೆಲಸಕ್ಕೂ ಇಷ್ಟು ಸಲೀಸಾಗಿ ಕೊಂಡಿ ಸಿಗುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳ ನಿರ್ವಹಣೆಯಲ್ಲಿ ಪಳಗಿದ ಮೆಕ್ಯಾನಿಕಲ್ ಎಂಜಿನಿಯರೊಬ್ಬರು ಅಮೆರಿಕದ ಕಂಪನಿಯೊಂದರ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದರೆ, ಆ ಕೆಲಸ ಎಷ್ಟೇ ಕಷ್ಟದ್ದಾದರೂ ಅದರ ಫಲ ಆ ಕಂಪನಿಯಲ್ಲೇ ಉಳಿಯುತ್ತದೆ. ಗಾಳಿಯಂತ್ರದ ಗೇರ್‌ಬಾಕ್ಸುಗಳು ಲೆಕ್ಕಹಾಕಿದ ಆಯುಸ್ಸಿಗೆ ಮೊದಲೇ ಕೆಡುವುದು ಇಡೀ ಉದ್ಯಮದ ತಲೆನೋವು. ಅಮೆರಿಕದ ನವೀಕರಿಸಬಹುದಾದ ಇಂಧನದ ರಾಷ್ಟ್ರೀಯ ಪ್ರಯೋಗಾಲಯ ಇದೊಂದಕ್ಕಾಗಿಯೇ ಹಲವು ಕಂಪನಿಗಳನ್ನು ಕೂಡಿಸಿ ಸಂಶೋಧನೆ ನಡೆಸಿದೆ. ಕಂಪನದ ದಾಖಲೆಗಳಿಂದ ಗೇರ್‌ಬಾಕ್ಸಿನ ದೋಷವನ್ನು ಮುಂಚೆಯೇ ಹಿಡಿಯುವ ಕ್ರಮವೊಂದನ್ನು ಈ ಎಂಜಿನಿಯರು ರೂಪಿಸಿ ಎಲ್ಲರಿಗೂ ಸಿಗುವಂತೆ ಮಾಡಹೊರಟರೆ ಮಾತು ಬೇರೆಯಾಗುತ್ತದೆ. ಬ್ಯಾಂಕೊಂದರ ತಂತ್ರಾಂಶ ನೋಡಿಕೊಳ್ಳುವ ಸಾಫ್ಟ್‌ವೇರ್ ಎಂಜಿನಿಯರುಗಳ ಸ್ಥಿತಿ ಇನ್ನೂ ಕಷ್ಟ. ಅವರಲ್ಲಿ ಬಹಳ ಮಂದಿ ತಮ್ಮ ಹುದ್ದೆಯ ವಿವರಣೆಯನ್ನೇ ಪ್ರಸ್ತಾಪವೆಂದು ಬರೆಯುತ್ತಾರೆ. ಅಂಥವರಿಗೆ ಕಂಪನಿಯ ಮೂಲಕ ಹೋಗುವ ಹಳೆಯ ದಾರಿಯೇ ಸೂಕ್ತ ಎಂದು ನೇರವಾಗಿ ಹೇಳುವುದೇ ಅವರಿಗೆ ಮಾಡುವ ಉಪಕಾರ.

ಪುರಾವೆಯ ಮಾತು ಬಂದಾಗ ಪತ್ರಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಈ ವ್ಯಕ್ತಿ ಪ್ರತಿಭಾವಂತ, ಶ್ರಮಜೀವಿ, ದೇಶಕ್ಕೆ ಆಸ್ತಿ ಎಂದು ಹೊಗಳುವ ಶಿಫಾರಸು ಪತ್ರಗಳು ಹತ್ತಿದ್ದರೂ ರಾಷ್ಟ್ರೀಯ ಮಹತ್ವದ ಪ್ರಶ್ನೆಗೆ ಅವು ಉತ್ತರವಾಗುವುದಿಲ್ಲ. ವ್ಯಕ್ತಿಯ ಗುಣ ಎರಡನೆಯ ಪ್ರಶ್ನೆಗೆ ಸೇರಿದ್ದು. ಅರ್ಜಿದಾರರ ಮುಖ ಪರಿಚಯವೇ ಇಲ್ಲದ ಒಬ್ಬರು ‘ಈ ವಿಧಾನವನ್ನು ನಮ್ಮಲ್ಲಿ ಬಳಸಿದೆವು, ಇಂಥ ಬದಲಾವಣೆ ಕಂಡಿತು’ ಎಂದು ಬರೆದ ಎರಡು ಸಾಲು ಗುರುಗಳ ಎರಡು ಪುಟಕ್ಕಿಂತ ಗಟ್ಟಿ. ಹಣ ಕೊಟ್ಟರೆ ಪ್ರಶಸ್ತಿ, ಹಣ ಕೊಟ್ಟರೆ ಪ್ರಬಂಧದಲ್ಲಿ ಹೆಸರು, ಹಣ ಕೊಟ್ಟರೆ ತೀರ್ಪುಗಾರನ ಸ್ಥಾನ ಎಂದು ಆಮಿಷ ಒಡ್ಡುವವರೂ ಈ ದಾರಿಯ ಬದಿಯಲ್ಲಿ ನಿಂತಿದ್ದಾರೆ. ಅವರಿಂದ ದೂರವಿರಬೇಕು. ಕೊಂಡ ಪುರಾವೆ ಪ್ರಯೋಜನಕ್ಕೆ ಬಾರದು ಎಂಬುದಷ್ಟೇ ಆದರೆ ಹಣ ಹೋಯಿತೆಂದು ಸುಮ್ಮನಾಗಬಹುದಿತ್ತು. ಸುಳ್ಳು ಹೇಳಿ ವಲಸೆಯ ಸೌಲಭ್ಯ ಪಡೆಯಲು ಯತ್ನಿಸಿದ್ದು ಸಾಬೀತಾದರೆ ಅಮೆರಿಕದ ಪ್ರವೇಶವೇ ಮುಂದೆ ಮುಚ್ಚಿಹೋಗುತ್ತದೆ.

ನನ್ನ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪವೆಂದರೆ, ಅಮೆರಿಕ ಸರ್ಕಾರವೇ ಕೃತಕ ಬುದ್ಧಿಮತ್ತೆ, ಸೆಮಿಕಂಡಕ್ಟರ್ ಮುಂತಾದ ನಿರ್ಣಾಯಕ ತಂತ್ರಜ್ಞಾನಗಳ ಪಟ್ಟಿ ಮಾಡಿರುವಾಗ, ಆ ಕ್ಷೇತ್ರದಲ್ಲಿ ಇರುವುದೇ ಸಾಕಲ್ಲವೇ ಎಂಬುದು. 2022ರ ಜನವರಿಯಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ಕ್ಷೇತ್ರಗಳವರಿಗಾಗಿ ಹೊರಬಂದ ಮಾರ್ಗಸೂಚಿ ಇಂಥ ಪಟ್ಟಿಗಳಿಗೆ ತೂಕ ಕೊಟ್ಟದ್ದು ನಿಜ. ಆದರೆ ಪಟ್ಟಿ ಹೇಳುವುದು ಕ್ಷೇತ್ರದ ಬಗ್ಗೆ. ಪ್ರಶ್ನೆ ಇರುವುದು ಈ ಅರ್ಜಿಯ ಕೆಲಸದ ಬಗ್ಗೆ. 2025ರ ಜನವರಿ 15ರಂದು ಬಂದ ಪರಿಷ್ಕೃತ ಮಾರ್ಗಸೂಚಿಯಲ್ಲೂ ಒತ್ತು ಇರುವುದು ನಿರ್ದಿಷ್ಟ ಕೆಲಸದ ಮೇಲೆಯೇ. ಇದರ ಜೊತೆಗೇ ಹುಟ್ಟುವ ಇನ್ನೊಂದು ವಾದ, ಅಮೆರಿಕದಲ್ಲಿ ಎಂಜಿನಿಯರುಗಳ ಕೊರತೆ ಇದೆ ಎಂಬುದು. ಅದು ನಿಲ್ಲುವುದೇ ಇಲ್ಲ. ಕೊರತೆ ಇದ್ದರೆ ಅದನ್ನು ಪರೀಕ್ಷಿಸಲೆಂದೇ ಕಾರ್ಮಿಕ ಇಲಾಖೆಯ ದೃಢೀಕರಣದ ವ್ಯವಸ್ಥೆ ಇದೆ. ಅದರಿಂದ ವಿನಾಯಿತಿ ಕೇಳುವವರು ಅದು ಅಳೆಯುವ ಕೊರತೆಯನ್ನೇ ಕಾರಣವಾಗಿ ಹೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಇನ್ನೂ ಬಲವಾದ ಆಕ್ಷೇಪವೆಂದರೆ, ಇಷ್ಟೆಲ್ಲ ಕೊಂಡಿ ಹೆಣೆದರೂ ಕೊನೆಗೆ ಎಲ್ಲವೂ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಸರ್ಕಾರ ಬದಲಾದರೆ ದೇಶದ ಹಿತವೂ ಬದಲಾಗುತ್ತದೆ ಎಂಬುದು. ಇದರಲ್ಲಿ ಸತ್ಯವಿದೆ. ಗಾಳಿ ವಿದ್ಯುತ್ತನ್ನೇ ನೋಡಿ: ಒಂದು ಸರ್ಕಾರ ಅದನ್ನು ಹೆಗಲ ಮೇಲೆ ಹೊತ್ತಿತ್ತು, ಮುಂದಿನದು ಅಧಿಕಾರಕ್ಕೆ ಬಂದ ದಿನವೇ, 2025ರ ಜನವರಿ 20ರಂದು, ಗಾಳಿ ವಿದ್ಯುತ್ ಯೋಜನೆಗಳ ಕೇಂದ್ರ ಅನುಮತಿಗಳಿಗೆ ತಡೆ ಹಾಕಿತು. ಶುದ್ಧ ಇಂಧನ ಸರ್ಕಾರದ ಆದ್ಯತೆ ಎಂಬ ಒಂದೇ ಕಂಬದ ಮೇಲೆ ಅರ್ಜಿ ನಿಲ್ಲಿಸಿದ್ದವರಿಗೆ ಅಂದು ಕಾಲಡಿಯ ನೆಲ ಕುಸಿದಿರಬೇಕು. ಆದರೆ ಇದರಿಂದ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ ಎಂದೇ ನನ್ನ ತಿಳಿವಳಿಕೆ. ಗೇರ್‌ಬಾಕ್ಸಿನ ದೋಷ ಹಿಡಿಯುವ ಕ್ರಮ ಗಾಳಿಯಂತ್ರಕ್ಕಷ್ಟೇ ಸೀಮಿತವಲ್ಲ, ಭಾರಿ ಯಂತ್ರಗಳು ತಿರುಗುವ ಕಾರ್ಖಾನೆಗೂ ವಿದ್ಯುತ್ ಜಾಲದ ಭರವಸೆಗೂ ಬೇಕಾದದ್ದು ಎಂದು ಪುರಾವೆಯಿಂದ ತೋರಿಸಿದ ಅರ್ಜಿ ರಾಜಕೀಯದ ಗಾಳಿ ತಿರುಗಿದಾಗಲೂ ಬೀಳದೆ ನಿಲ್ಲುವ ಸಂಭವ ಹೆಚ್ಚು. ಅಲ್ಲದೆ ಕಾನೂನು ಕೇಳುವ ರುಜುವಾತಿನ ಮಟ್ಟ ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತವಾದುದಲ್ಲ. ಹೇಳಿದ್ದು ಸುಳ್ಳಾಗಿರುವುದಕ್ಕಿಂತ ನಿಜವಾಗಿರುವ ಸಂಭವ ಹೆಚ್ಚು ಎಂದು ತೋರಿದರೆ ಸಾಕು. ಪುರಾವೆ ಸಾಲದಿದ್ದರೆ ಹೆಚ್ಚಿನ ದಾಖಲೆ ಕೇಳಿ ನೋಟಿಸು ಬರಬಹುದು, ಉತ್ತರಿಸಲು ಸುಮಾರು 12 ವಾರಗಳ ಕಾಲ ಇರುತ್ತದೆ. ಆ ನೋಟಿಸಿನಲ್ಲಿ ಯಾವ ಕೊಂಡಿ ಸಡಿಲವಿದೆ ಎಂಬುದನ್ನು ಅಧಿಕಾರಿಯೇ ಬರೆದಿರುತ್ತಾರೆ. ಅದನ್ನು ಸೋಲೆಂದು ತಿಳಿದು ಕೈಚೆಲ್ಲುವವರು ಒಂದು ಅವಕಾಶ ಕಳೆದುಕೊಳ್ಳುತ್ತಾರೆ.

ವೈದ್ಯರದು ಬೇರೆಯೇ ಲೆಕ್ಕ, ಅದನ್ನು ಇಲ್ಲಿ ಹೇಳಲೇಬೇಕು. ಚಿತ್ರದುರ್ಗದಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದವರು ಸಂಶೋಧನೆ ಮಾಡದೆ, ಬರಿಯ ರೋಗಿಗಳನ್ನು ನೋಡುತ್ತಿದ್ದರೂ ಈ ವಿನಾಯಿತಿ ಪಡೆಯಬಹುದು. ವೈದ್ಯರ ಕೊರತೆ ಇದೆಯೆಂದು ಸರ್ಕಾರ ಗುರುತಿಸಿದ ಪ್ರದೇಶದಲ್ಲಿ ಅಥವಾ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 5 ವರ್ಷ ಪೂರ್ಣಾವಧಿ ಕೆಲಸ ಮಾಡುತ್ತೇನೆಂದು ಒಪ್ಪಿ, ಆ ಕೆಲಸ ಸಾರ್ವಜನಿಕ ಹಿತಕ್ಕಾಗಿ ಎಂದು ಸಂಬಂಧಪಟ್ಟ ಕೇಂದ್ರ ಇಲಾಖೆಯಿಂದಲೋ ರಾಜ್ಯದ ಆರೋಗ್ಯ ಇಲಾಖೆಯಿಂದಲೋ ಪತ್ರ ತಂದರೆ ಸಾಕು. 1999ರ ಕಾಯ್ದೆ ಹಾಗೆ ಹೇಳುತ್ತದೆ. ಹಾಗಾದರೆ ಫಲ ಊರಾಚೆ ಹರಿಯಬೇಕೆಂಬ ನಿಯಮಕ್ಕೆ ಏನಾಯಿತು? ಒಂದು ಹಿಂದುಳಿದ ಊರಿನಲ್ಲಿ ವೈದ್ಯರಿಲ್ಲದಿರುವುದನ್ನೇ ದೇಶದ ಸಮಸ್ಯೆಯೆಂದು ಅಲ್ಲಿನ ಸಂಸತ್ತು ಮೊದಲೇ ತೀರ್ಮಾನಿಸಿದೆ. ಉಳಿದವರು ಪುರಾವೆಯಿಂದ ಕಟ್ಟಬೇಕಾದ ಕೊಂಡಿಯನ್ನು ವೈದ್ಯರಿಗೆ ಶಾಸನವೇ ಕಟ್ಟಿಕೊಟ್ಟಿದೆ.

ಕೊನೆಗೆ ಉಳಿಯುವುದು ಮನಸ್ಸಿಗೆ ಚುಚ್ಚುವ ಆಕ್ಷೇಪ. ಹೊಳಲ್ಕೆರೆಯ ಸರ್ಕಾರಿ ಶಾಲೆಯಲ್ಲಿ ಓದಿ, ಇಲ್ಲಿಯ ತೆರಿಗೆ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯದಲ್ಲಿ ಕಲಿತು, ಬರದ ನೆಲದ ಸಮಸ್ಯೆಯ ಮೇಲೆ ಪಳಗಿದವರು ಕೊನೆಗೆ ‘ನನ್ನ ಕೆಲಸ ನಿಮ್ಮ ದೇಶಕ್ಕೆ ಮುಖ್ಯ’ ಎಂದು ಇನ್ನೊಂದು ದೇಶದ ಮುಂದೆ ವಾದಿಸಬೇಕೇ? ಈ ನೋವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ರಕಟವಾದ ವಿಧಾನ ಎಲ್ಲರದೂ ಆಗುತ್ತದೆ, ಫ್ಲಾರಿಡಾಕ್ಕಾಗಿ ಸುಧಾರಿಸಿದ ಪರೀಕ್ಷೆ ಹೊಸದುರ್ಗದ ತೋಟಕ್ಕೂ ಮರಳಿ ಬರಬಹುದು ಎನ್ನುವುದು ನಿಜ. ಆದರೆ ತಾನಾಗಿ ಬರುವುದಿಲ್ಲ. ತರುವವರು, ಅದನ್ನು ಇಲ್ಲಿಯ ತಳಿಗೂ ಹವೆಗೂ ಒಗ್ಗಿಸುವವರು ಬಬ್ಬೂರಿನಂಥ ಕೇಂದ್ರಗಳಲ್ಲಿ ಇರಬೇಕು. ಹೊರಟವರನ್ನು ತಡೆಯುವ ಮಾತಿಗಿಂತ ಇದು ಮುಖ್ಯವಾದ ಮಾತು ಎಂದು ನಾನು ನಂಬಿದ್ದೇನೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ದೀರ್ಘಕಾಲ ನೀರಿನ ಅಭಾವದೊಂದಿಗೆ ಬಾಳಿದ ಸೀಮೆಯಲ್ಲಿ ಕಲಿತ ವಿದ್ಯೆಗೆ ಬರ ಕಾಡುವ ಕ್ಯಾಲಿಫೋರ್ನಿಯದಲ್ಲೂ ಬೆಲೆಯಿದೆ ಎಂಬುದನ್ನು ಹೊರಗಿನವರು ಗುರುತಿಸುವ ಮೊದಲು ನಮ್ಮ ಸರ್ಕಾರ, ನಮ್ಮ ವಿಶ್ವವಿದ್ಯಾಲಯಗಳು ಗುರುತಿಸಿ, ಆ ಕೆಲಸಕ್ಕೆ ಹಣವನ್ನೂ ಹುದ್ದೆಯನ್ನೂ ಕೊಡಬೇಕಿತ್ತು. ಕೊಡದೆ ಇದ್ದಾಗ ಹೊರಟವರನ್ನು ದೂರುವುದು ನ್ಯಾಯವಲ್ಲ.

ಅರ್ಜಿ ಮಂಜೂರಾದರೆ ಗ್ರೀನ್ ಕಾರ್ಡ್ ಕೈಗೆ ಬಂತೆಂದು ಯಾರೂ ತಿಳಿಯಬಾರದು. ಭಾರತದಲ್ಲಿ ಹುಟ್ಟಿದವರಿಗೆ ಇದು ಸರದಿಯನ್ನು ತಪ್ಪಿಸಿಕೊಡುವುದಿಲ್ಲ. ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ವೀಸಾಗಳಲ್ಲಿ ಶೇ 7ರ ಮಿತಿ ಇರುವುದರಿಂದ, ಈ ವಿನಾಯಿತಿಯ ಅರ್ಜಿಗಳು ಸೇರುವ ಇಬಿ-2 ವರ್ಗದ ಭಾರತೀಯರಲ್ಲಿ 2025ರ ಕೊನೆಯಲ್ಲಿ ಸರದಿ ಬಂದಿದ್ದು 2013ರಲ್ಲಿ ಅರ್ಜಿ ಹಾಕಿದ್ದವರಿಗೆ. ಹೆಚ್ಚುವರಿ ಶುಲ್ಕ ಕಟ್ಟಿದರೆ 45 ಕೆಲಸದ ದಿನಗಳಲ್ಲಿ ಇಲಾಖೆ ಅರ್ಜಿಯ ಮೇಲೆ ಕ್ರಮ ಕೈಗೊಳ್ಳುತ್ತದೆ. ಆದರೆ ಅದು ಐ-140ಕ್ಕೆ ಮಾತ್ರ, ಸರದಿಗೆ ಅನ್ವಯಿಸದು. ಹಾಗಾದರೆ ಏನು ಪ್ರಯೋಜನ? ಅರ್ಜಿ ಹಾಕಿದ ದಿನ ಸರದಿಯ ದಿನಾಂಕವಾಗಿ ಅರ್ಜಿದಾರರ ಹೆಸರಿನಲ್ಲೇ ಉಳಿಯುತ್ತದೆ. ಕಂಪನಿ ಕೆಲಸದಿಂದ ತೆಗೆದರೂ ಅರ್ಜಿ ಕಂಪನಿಯ ಜೊತೆ ಹೋಗುವುದಿಲ್ಲ. ಎಚ್-1ಬಿಯ 6 ವರ್ಷ ಮುಗಿದ ಮೇಲೂ, ಮಂಜೂರಾದ ಐ-140 ಇದ್ದರೆ, ಕೆಲಸ ಕೊಟ್ಟವರು ಕೇಳಿದಾಗ 3 ವರ್ಷದಂತೆ ವಿಸ್ತರಣೆ ಸಿಗುತ್ತದೆ. ಸರದಿ ಇಷ್ಟು ಉದ್ದವಿರುವುದರಿಂದಲೇ ಪುರಾವೆ ಕೂಡಿಸುವ ಕೆಲಸ ವಿಮಾನ ಹತ್ತಿದ ಮೇಲೆ ಶುರುವಾದರೆ ತಡವಾಯಿತು. ಪ್ರಯೋಗ ನಡೆದ ತೋಟದ ದಾಖಲೆ, ಎಷ್ಟು ರೈತರು ಅದನ್ನು ಅಳವಡಿಸಿಕೊಂಡರೆಂಬ ಇಲಾಖೆಯ ಪತ್ರ, ಯಂತ್ರ ನಿಂತ ಅವಧಿ ಎಷ್ಟು ಕಡಿಮೆಯಾಯಿತೆಂಬ ಲೆಕ್ಕಪುಸ್ತಕದ ಪ್ರತಿ, ಕೆಲಸದ ವಿವರ ಸ್ಪಷ್ಟವಾಗಿರುವ ಅನುಭವ ಪತ್ರ, ಇವೆಲ್ಲ ಸಿಗುವುದು ಇಲ್ಲಿಯ ಕಚೇರಿಗಳಲ್ಲಿ. ಸಹಿ ಹಾಕಬೇಕಾದವರು ವರ್ಗವಾಗುವ, ನಿವೃತ್ತರಾಗುವ ಮೊದಲೇ ಅವನ್ನು ಪಡೆದಿಟ್ಟುಕೊಳ್ಳಬೇಕು.